ಓವರ್ನ್ ಅಂತ ಬರೀಬೇಕೋ, "ದಿ ಓವರ್ನ್" ಅಂತ ಬರೀಬೇಕೋ? ಇಂಗ್ಲಿಷ್‌ನಲ್ಲಿ ಬರೆಯೋರಿಗೆ ಒಂದು ಗೈಡ್

ಫ್ರಾನ್ಸಿನ ನಟ್ಟನಡುವೆ, ಸ್ವಲ್ಪ ದಕ್ಷಿಣಕ್ಕೆ ವಾಲಿದ ಹಾಗೆ, ಆರಿಹೋದ ಜ್ವಾಲಾಮುಖಿಗಳ ಒಂದು ಬೆಟ್ಟದ ಸೀಮೆ ಇದೆ, ಅದರ ಹೆಸರು ಓವರ್ನ್. ಸ್ಪೆಲಿಂಗ್ ಎ, ಯು, ವಿ, ಇ, ಆರ್, ಜಿ, ಎನ್, ಇ. ಮಿಶೆಲಿನ್ ಟೈರ್ ಕಂಪನಿ 1889ರಲ್ಲಿ ಶುರುವಾಗಿದ್ದು ಇಲ್ಲಿನ ಕ್ಲೆರ್ಮೋಂ-ಫೆರಾಂ ಊರಲ್ಲಿ, ವೋಲ್ವಿಕ್ ನೀರಿನ ಬಾಟಲಿ ಬರೋದೂ ಇಲ್ಲಿಂದ್ಲೇ, ಗಣಿತದ ಪಾಸ್ಕಲ್ 1623ರಲ್ಲಿ ಹುಟ್ಟಿದ್ದೂ ಇಲ್ಲೇ. ಹಾಗಾಗಿ ಟ್ರಾವೆಲ್ ಬರಹ ಇರ್ಲಿ, ಅನುವಾದ ಇರ್ಲಿ, ಫ್ರಾನ್ಸಿಗೆ ಓದೋಕೆ ಹೋಗೋರ ಎಸ್‌ಒಪಿ (ಯಾಕೆ ಓದ್ಬೇಕು ಅಂತ ಕಾಲೇಜಿಗೆ ಬರೆಯೋ ಪತ್ರ) ಇರ್ಲಿ, ಸೈಕಲ್ ರೇಸ್ ರಿಪೋರ್ಟ್ ಇರ್ಲಿ, ಎಲ್ಲೋ ಒಂದು ಕಡೆ ಈ ಹೆಸರನ್ನ ಇಂಗ್ಲಿಷ್‌ನಲ್ಲಿ ಬರೆಯೋ ಸಂದರ್ಭ ಬರುತ್ತೆ, ಬಂದಾಗ ಕೈ ತಡೆಯುತ್ತೆ: ಮುಂದೆ "ದಿ" ಹಾಕ್ಬೇಕಾ ಬೇಡ್ವಾ?

ನಮ್ಮ ಕನ್ನಡದಲ್ಲಿ ಆರ್ಟಿಕಲ್ (ಎ, ಆನ್, ದಿ ತರದ ಪದ) ಅನ್ನೋದೇ ಇಲ್ವಲ್ಲ, ಅದಕ್ಕೆ ನಾವು ಸಾಮಾನ್ಯವಾಗಿ ಎರಡರಲ್ಲೊಂದು ಮಾಡ್ತೀವಿ, ಒಂದೋ ಎಲ್ಲಾ ಕಡೆ ಬಿಟ್ಬಿಡ್ತೀವಿ, ಇಲ್ಲಾಂದ್ರೆ ಸೇಫ್ ಆಗಿರ್ಲಿ ಅಂತ ಎಲ್ಲಾ ಕಡೆ ತುರುಕ್ತೀವಿ. ಎರಡೂ ಈ ಹೆಸರಿನ ವಿಷಯದಲ್ಲಿ ಕೈ ಕೊಡುತ್ತೆ. ಯಾಕಂದ್ರೆ "ಓವರ್ನ್" ಕೂಡ ಸರಿ, "ದಿ ಓವರ್ನ್" ಕೂಡ ಸರಿ, ಆದ್ರೆ ಎರಡೂ ಒಂದೇ ಜಾಗದಲ್ಲಿ ಸರಿ ಅಲ್ಲ. ಗ್ರಾಮರ್ ಪುಸ್ತಕದಲ್ಲಿ ಇದಕ್ಕೆ ಉತ್ತರ ಹುಡುಕಿ ಪ್ರಯೋಜನ ಇಲ್ಲ. ನೀವು ಯಾವ ಓವರ್ನ್ ಬಗ್ಗೆ ಮಾತಾಡ್ತಿದ್ದೀರಿ ಅನ್ನೋದು ಮೊದಲು ಗೊತ್ತಾಗ್ಬೇಕು, ಅದು ಗೊತ್ತಾದ್ರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಅಲ್ಲೇ ಮುಗೀತು.

ಸ್ಟೆಪ್ 1: ಯಾವ ಓವರ್ನ್ ಅಂತ ಮೊದಲು ತೀರ್ಮಾನ ಮಾಡಿ

ಈ ಒಂದು ಹೆಸರಿನ ಹಿಂದೆ ಕಮ್ಮಿ ಅಂದ್ರೂ ಮೂರು ಬೇರೆ ಬೇರೆ ಜಾಗ ಇದೆ.

ಒಂದು, ರಾಜರ ಕಾಲದ ಹಳೇ ಪ್ರಾಂತ್ಯ. ಆರ್ವೆರ್ನಿ ಅನ್ನೋ ಗಾಲ್ ಬುಡಕಟ್ಟಿನಿಂದ ಹೆಸರು ಬಂದಿದ್ದು, ಕ್ರಿ.ಪೂ. 52ರಲ್ಲಿ ಗೆರ್ಗೋವಿಯಾ ಹತ್ರ ಜೂಲಿಯಸ್ ಸೀಸರ್‌ನ ಸೈನ್ಯವನ್ನ ಹಿಮ್ಮೆಟ್ಟಿಸಿದ ವೆರ್ಸಿಂಜೆಟೊರಿಕ್ಸ್ ಇದೇ ಬುಡಕಟ್ಟಿನವನು. ಫ್ರೆಂಚ್ ಕ್ರಾಂತಿ ಬಂದು 1790ರಲ್ಲಿ ದೇಶವನ್ನೆಲ್ಲ ಡಿಪಾರ್ಟ್‌ಮೆಂಟ್‌ಗಳಾಗಿ, ಅಂದ್ರೆ ನಮ್ಮ ಜಿಲ್ಲೆ ತರದ ಘಟಕಗಳಾಗಿ, ಹಂಚಿದಾಗ ಈ ಪ್ರಾಂತ್ಯ ಕಾಗದದ ಮೇಲೆ ಇಲ್ಲವಾಯ್ತು. ಜನರ ಬಾಯಲ್ಲಿ ಮಾತ್ರ ಉಳೀತು.

ಎರಡು, 20ನೇ ಶತಮಾನದಲ್ಲಿ ಸರ್ಕಾರ ಅದೇ ಹಳೇ ಹೆಸರು ಎತ್ಕೊಂಡು ಮಾಡಿದ ಆಡಳಿತದ ರೀಜನ್. ಇದರಲ್ಲಿ ನಾಲ್ಕು ಡಿಪಾರ್ಟ್‌ಮೆಂಟ್: ಅಲ್ಯೇ, ಕಾಂತಾಲ್, ಓತ್-ಲ್ವಾರ್, ಪ್ಯುಯಿ-ದ-ಡೋಮ್. ರಾಜಧಾನಿ ಕ್ಲೆರ್ಮೋಂ-ಫೆರಾಂ. ಇದು 2015ರ ಕೊನೆವರೆಗೂ ಇತ್ತು.

ಮೂರು, 2016ರ ಜನವರಿ 1ರಿಂದ ಇರೋದು. ಫ್ರಾನ್ಸ್ ಸರ್ಕಾರ ಮುಖ್ಯ ಭೂಭಾಗದ 22 ರೀಜನ್‌ಗಳನ್ನ 13ಕ್ಕೆ ಇಳಿಸ್ತು, ಆವಾಗ ಓವರ್ನ್‌ನ ಪಕ್ಕದ ರೋನ್-ಆಲ್ಪ್ ಜೊತೆ ಸೇರಿಸಿ ಓವರ್ನ್-ರೋನ್-ಆಲ್ಪ್ ಅಂತ ಮಾಡಿದ್ರು, ರಾಜಧಾನಿ ಲಿಯೋಂ. ಇದು ದೊಡ್ಡ ರೀಜನ್, 12 ಡಿಪಾರ್ಟ್‌ಮೆಂಟ್ ಇದೆ, ಪೂರ್ವದಲ್ಲಿ ಇಟಲಿ ಗಡಿವರೆಗೂ ಹೋಗುತ್ತೆ.

ಇಲ್ಲೇ ನೋಡಿ ಜನ ಎಡವೋದು. ಮೋಂ ಬ್ಲಾಂ ಶಿಖರ ಇರೋದು ಓವರ್ನ್-ರೋನ್-ಆಲ್ಪ್‌ನಲ್ಲಿ, ಸರಿ. ಲಿಯೋಂ ಕೂಡ ಅಲ್ಲೇ, ಗ್ರೆನೋಬಲ್ ಕೂಡ ಅಲ್ಲೇ. ಆದ್ರೆ ಮೋಂ ಬ್ಲಾಂ "ಇನ್ ದಿ ಓವರ್ನ್" ಅಂತ ಬರೆದ್ರೆ ಅದು ಶುದ್ಧ ತಪ್ಪು, ಶಿಖರ ಇರೋದು ಆಲ್ಪ್ಸ್‌ನಲ್ಲಿ, ಓವರ್ನ್ ಇರೋದು ಮಾಸಿಫ್ ಸೆಂಟ್ರಲ್ ಅನ್ನೋ ಬೇರೆಯದೇ ಬೆಟ್ಟಸಾಲಿನಲ್ಲಿ, ನಡುವೆ ರೋನ್ ನದಿಯ ಕಣಿವೆ ಇದೆ. ಉದ್ದ ಹೆಸರು ಬರೆಯೋಕೆ ಬೇಜಾರು ಅಂತ ಮೊದಲನೇ ಪದ ಮಾತ್ರ ಇಟ್ಕೊಂಡು ಮಿಕ್ಕಿದ್ದನ್ನ ಕತ್ತರಿಸೋ ಅಭ್ಯಾಸದಿಂದ ಆಗೋ ಎಡವಟ್ಟು ಇದು. ಚಿಕ್ಕದಾಗಿ ಬೇಕೇ ಬೇಕು ಅಂದ್ರೆ "ದಿ ರೀಜನ್" ಅಂತ ಬರೀರಿ.

ಹಳೇ ಪ್ರಾಂತ್ಯಕ್ಕೂ ನಾಲ್ಕು ಡಿಪಾರ್ಟ್‌ಮೆಂಟಿನ ರೀಜನ್‌ಗೂ ಕೂಡ ಅಳತೆ ಕೂಡಲ್ಲ. ಅಲ್ಯೇ ಡಿಪಾರ್ಟ್‌ಮೆಂಟ್ ಹೆಚ್ಚೂಕಮ್ಮಿ ಪೂರ್ತಿ ಹಳೇ ಬೂರ್ಬೊನೇ ಪ್ರಾಂತ್ಯದ್ದು. ಲ ಪ್ಯುಯಿ-ಆಂ-ವಲೇ ಇದೆಯಲ್ಲ, ಸ್ಪೇನಿನ ಸಾಂತಿಯಾಗೊಗೆ ನಡ್ಕೊಂಡು ಹೋಗೋ ಕ್ರೈಸ್ತ ಯಾತ್ರಿಕರು ಹೊರಡೋ ಊರು, ಅದು ವಲೇ ಸೀಮೆದು, ಕ್ರಾಂತಿಗೆ ಮುಂಚೆ ಲಾಂಗ್ದೊಕ್ ಪ್ರಾಂತ್ಯಕ್ಕೆ ಸೇರಿತ್ತು. ಹಾಗಾಗಿ ಮಧ್ಯಯುಗದ ಬಗ್ಗೆ ಬರೀತಾ ಲ ಪ್ಯುಯಿ ಊರನ್ನ ಓವರ್ನ್ ಒಳಗೆ ಹಾಕಿದ್ರೆ ಇತಿಹಾಸ ಗೊತ್ತಿರೋ ಓದುಗ ಅಲ್ಲೇ ಪೆನ್ಸಿಲ್ ಎತ್ಕೋತಾನೆ. ಇವತ್ತಿನ ಟ್ರಾವೆಲ್ ಬರಹದಲ್ಲಿ ಹಾಕಿದ್ರೆ ಯಾರೂ ಏನೂ ಅನ್ನಲ್ಲ.

ಸ್ಟೆಪ್ 2: ಈಗ "ದಿ" ವಿಷಯ

ಮೊದಲು ಒಂದು ತಪ್ಪು ದಾರಿ ಮುಚ್ಬಿಡೋಣ. "ಫ್ರೆಂಚ್‌ನಲ್ಲಿ ಆರ್ಟಿಕಲ್ ಇದೆ, ಅದಕ್ಕೆ ಇಂಗ್ಲಿಷ್‌ನಲ್ಲೂ ಇರ್ಬೇಕು" ಅನ್ನೋ ವಾದ ನಿಲ್ಲಲ್ಲ. ಫ್ರೆಂಚ್‌ನಲ್ಲಿ ನಾರ್ಮಂಡಿಗೂ ಆರ್ಟಿಕಲ್ ಇದೆ, ಫ್ರಾನ್ಸ್ ಅನ್ನೋ ದೇಶದ ಹೆಸರಿಗೇ ಇದೆ, ನಾವು ಇಂಗ್ಲಿಷ್‌ನಲ್ಲಿ "ದಿ ಫ್ರಾನ್ಸ್" ಅಂತೀವಾ? ಅದೂ ಅಲ್ದೆ ಫ್ರೆಂಚರೇ "ಓವರ್ನ್‌ನಲ್ಲಿ" ಅಂತ ಹೇಳುವಾಗ "ಆನ್ ಓವೆರ್ನ್ಯ್" ಅಂತ ಆರ್ಟಿಕಲ್ ಬಿಟ್ಟೇ ಹೇಳ್ತಾರೆ, ಅದೇ ಜಾಗದಲ್ಲಿ ಇಂಗ್ಲಿಷಿನವರು "ಇನ್ ದಿ ಓವರ್ನ್" ಅಂತ ಹಾಕ್ತಾರೆ. ಅಂದ್ರೆ ಇಂಗ್ಲಿಷ್‌ಗೆ ಇದರಲ್ಲಿ ಅದರದ್ದೇ ಒಂದು ರೂಢಿ ಇದೆ.

ಆ ರೂಢಿ ಹೆಚ್ಚೂಕಮ್ಮಿ ಹೀಗಿದೆ. ಇಂಗ್ಲಿಷ್ ತನ್ನದೇ ರೂಪ ಕೊಟ್ಕೊಂಡು ಮನೆ ಮಾಡ್ಕೊಂಡಿರೋ ಹೆಸರುಗಳಿಗೆ, ಬ್ರಿಟನಿ, ನಾರ್ಮಂಡಿ, ಬರ್ಗಂಡಿ, ಸವಾಯ್, ಕಾರ್ಸಿಕಾ, ಇವಕ್ಕೆ "ದಿ" ಬರಲ್ಲ. ಪ್ರೊವಾನ್ಸ್, ಅಲ್ಸಾಸ್, ಶಾಂಪೇನ್‌ಗೂ ಬರಲ್ಲ. ನದಿಯಿಂದ ಬಂದ ಹೆಸರುಗಳಿಗೆ ಬರುತ್ತೆ, "ದಿ ಡೋರ್ಡೋನ್", "ದಿ ಆರ್ಡೆಶ್", ಯಾಕಂದ್ರೆ ಇಂಗ್ಲಿಷ್‌ನಲ್ಲಿ ನದಿಗೆ "ದಿ" ಇದ್ದೇ ಇರುತ್ತೆ. ಬಹುವಚನದ ಬೆಟ್ಟಸಾಲಿಗೂ ಬರುತ್ತೆ, "ದಿ ಆಲ್ಪ್ಸ್", "ದಿ ಪಿರೆನೀಸ್". ಇನ್ನು ನದಿನೂ ಅಲ್ಲ ಬೆಟ್ಟಸಾಲೂ ಅಲ್ಲ, ಆದ್ರೂ ಒಂದು ಸೀಮೆ ಅಂತ ಜನರ ಮನಸ್ಸಿನಲ್ಲಿ ಇರೋ ಕೆಲವು ಹೆಸರಿಗೆ, "ದಿ ಲಿಮೂಝಾಂ" ತರದವಕ್ಕೂ ಬರುತ್ತೆ, ಅದರಲ್ಲೂ ಬ್ರಿಟಿಷ್ ಬರಹದಲ್ಲಿ. ನಮ್ಮ ಓವರ್ನ್ ಈ ಕೊನೇ ಗುಂಪಿನದು.

ಇದು ನಮಗೆ ಗೊತ್ತಿಲ್ಲದ ಸಂಗತಿ ಏನಲ್ಲ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ "ದಿ ಪಂಜಾಬ್" ಅಂತಿರುತ್ತೆ, ಇವತ್ತಿನ ರಾಜ್ಯಕ್ಕೆ ಬರೀ "ಪಂಜಾಬ್". "ದಿ ಡೆಕ್ಕನ್", "ದಿ ಕೊಂಕಣ್" ಅಂತ ಈಗ್ಲೂ ಬರೀತಾರೆ, ಅವು ಸರ್ಕಾರಿ ಘಟಕಗಳಲ್ಲ, ನೆಲದ ಗುರುತು. ಓವರ್ನ್‌ನಲ್ಲೂ ಇದೇ ಆಟ.

ಹಾಗಾಗಿ ಕೆಲಸಕ್ಕೆ ಬರೋ ಹಾಗೆ ಹೇಳೋದಾದ್ರೆ, ಬೆಟ್ಟ, ಹಸು, ಚಳಿ, ಹಳ್ಳಿ ರಸ್ತೆ, ನಡಿಗೆ, ಊಟ ಅಂತ ನೆಲದ ಬಗ್ಗೆ ಬರೀತಿದ್ರೆ "ದಿ ಓವರ್ನ್": "ವಿ ಸ್ಪೆಂಟ್ ಎ ವೀಕ್ ವಾಕಿಂಗ್ ಇನ್ ದಿ ಓವರ್ನ್." ಆಡಳಿತ, ಅಂಕಿಅಂಶ, ಚುನಾವಣೆ, 2016ಕ್ಕೆ ಮುಂಚಿನ ರೀಜನ್ ಅಂತ ಬರೀತಿದ್ರೆ ಬರೀ "ಓವರ್ನ್": "ಓವರ್ನ್ ಮರ್ಜ್ಡ್ ವಿತ್ ರೋನ್-ಆಲ್ಪ್ ಇನ್ 2016." ಈ ಎರಡನೇ ವಾಕ್ಯದಲ್ಲಿ ಯಾರಾದ್ರೂ "ದಿ" ಹಾಕಿದ್ರೆ ಕೋರ್ಟಿಗೆ ಹೋಗೋ ಅಪರಾಧ ಏನಲ್ಲ, ಆದ್ರೆ ಇಲ್ದೇ ಇದ್ರೆ ಓದೋಕೆ ಚೆಂದ. ಹಾಗೇ ಮೊದಲನೇ ವಾಕ್ಯದಲ್ಲಿ "ದಿ" ಬಿಟ್ರೂ ಇವತ್ತು ತಪ್ಪು ಅನ್ನಲ್ಲ. ನನ್ನ ಕೇಳಿದ್ರೆ ನೆಲದ ಬಗ್ಗೆ ಬರೆಯುವಾಗ "ದಿ" ಇರ್ಲೇಬೇಕು, ಅದಿಲ್ದೆ ವಾಕ್ಯ ಸರ್ಕಾರಿ ಸುತ್ತೋಲೆ ತರ ಒಣಗಿ ಕಾಣುತ್ತೆ.

ಹೊಸ ಉದ್ದ ಹೆಸರಿಗೆ ಮಾತ್ರ ಈ ಆಯ್ಕೆ ಇಲ್ಲ. ಬರೀ "ಓವರ್ನ್-ರೋನ್-ಆಲ್ಪ್", ಅಷ್ಟೇ. "ದಿ ಓವರ್ನ್-ರೋನ್-ಆಲ್ಪ್" ಅಂತ ಒಂಟಿಯಾಗಿ ನಿಲ್ಲಿಸ್ಬೇಡಿ.

ತಲೆ ಕೆಡ್ತಾ ಇದ್ರೆ ಒಂದು ಬಚಾವ್ ದಾರಿ ಇದೆ, ಹಿಂದೆ "ರೀಜನ್" ಅನ್ನೋ ಪದ ಸೇರಿಸಿ. "ದಿ ಓವರ್ನ್ ರೀಜನ್" ಎಲ್ಲಾ ಕಡೆ ಸರಿ, "ದಿ ಓವರ್ನ್-ರೋನ್-ಆಲ್ಪ್ ರೀಜನ್" ಕೂಡ ಸರಿ, ಯಾಕಂದ್ರೆ ಇಲ್ಲಿ "ದಿ" ಬರ್ತಿರೋದು "ರೀಜನ್"ಗೋಸ್ಕರ. ಆದ್ರೆ ಪ್ರತಿ ವಾಕ್ಯದಲ್ಲೂ ಇದನ್ನೇ ಹಾಕಿದ್ರೆ ಬ್ರೋಶರ್ ವಾಸನೆ ಹೊಡೆಯುತ್ತೆ, ಅದಕ್ಕೇ ಒಂದೆರಡು ಕಡೆ ಸಾಕು.

ಇನ್ನೊಂದು, ಇದು ಏಕವಚನ. "ದಿ ಓವರ್ನ್ ಈಸ್", "ಆರ್" ಅಲ್ಲ. ಆಲ್ಪ್ಸ್ ಜೊತೆ ಒಂದೇ ಸಾಲಲ್ಲಿ ಬರೀತಾ ಹೋದ್ರೆ ಕೈ ತಾನಾಗೇ "ಆರ್" ಅಂತ ಹೊಡೆಯುತ್ತೆ, ಕೊನೇ "ಎಸ್" ಸೇರಿಸಿ "ಓವರ್ನ್ಸ್" ಅಂತ ಮಾಡಿರೋರೂ ಇದ್ದಾರೆ.

ಸ್ಟೆಪ್ 3: ಹೆಸರೊಳಗೆ ಹೆಸರು ಬಂದಾಗ ಮುಟ್ಬೇಡಿ

ಓವರ್ನ್ ಅನ್ನೋ ಪದ ಇನ್ನೊಂದು ಹೆಸರಿನ ಭಾಗ ಆಗಿದ್ರೆ ಮೇಲಿನ ಲೆಕ್ಕ ಯಾವುದೂ ಬೇಡ, ಆ ಹೆಸರು ಹೇಗಿದ್ಯೋ ಹಾಗೇ ಇಡಿ. 2017ರಲ್ಲಿ ಎರಡು ವಿಶ್ವವಿದ್ಯಾಲಯ ಸೇರಿ ಆಗಿದ್ದು "ಯೂನಿವೆರ್ಸಿತೇ ಕ್ಲೆರ್ಮೋಂ ಓವರ್ನ್", ಅಲ್ಲಿ ಓದೋ ಹುಡುಗರು ರೆಸ್ಯೂಮೆಯಲ್ಲಿ ಹಾಗೇ ಬರ್ಕೋಬೇಕು, ಮುಂದೆ "ದಿ" ಬೇಡ, ನಡುವೆ ಹೈಫನ್ ಬೇಡ, "ಆಫ್" ಬೇಡ. ರಗ್ಬಿ ಟೀಮು "ಎಎಸ್‌ಎಂ ಕ್ಲೆರ್ಮೋಂ ಓವರ್ನ್" ಕೂಡ ಹಂಗೇ. ನೀಲಿ ಗೆರೆ ಇರೋ ಚೀಸ್ "ಬ್ಲ ದೋವರ್ನ್" ಅಂತ್ಲೇ ಇಂಗ್ಲಿಷ್ ಮೆನುಗಳಲ್ಲೂ ಬರುತ್ತೆ, ಅದನ್ನ "ಬ್ಲೂ ಆಫ್ ದಿ ಓವರ್ನ್" ಅಂತ ಇಂಗ್ಲಿಷ್ ಮಾಡೋಕೆ ಹೋಗ್ಬೇಡಿ, ಅದು ಕಾನೂನಿನ ರಕ್ಷಣೆ ಇರೋ ಹೆಸರು. ಹಳೇ ಕಾಲದ ವ್ಯಕ್ತಿಗಳು ಮತ್ತು ಪದವಿಗಳಿಗೂ "ದಿ" ಇಲ್ಲ: 13ನೇ ಶತಮಾನದಲ್ಲಿ ಪ್ಯಾರಿಸ್ ಬಿಷಪ್ ಆಗಿದ್ದವನು "ವಿಲಿಯಂ ಆಫ್ ಓವರ್ನ್", ದೊರೆಗಳು "ಕೌಂಟ್ ಆಫ್ ಓವರ್ನ್".

ವೀಸಾ ಕವರ್ ಲೆಟರ್ ಬರೆಯೋರಿಗೆ ಒಂದು ಮಾತು, ಫ್ರಾನ್ಸಿನ ಅಂಚೆ ವಿಳಾಸದಲ್ಲಿ ರೀಜನ್ ಹೆಸರೇ ಬರಲ್ಲ. ಪೋಸ್ಟ್ ಕೋಡ್, ಊರು, ದೇಶ, ಮುಗೀತು. "63000 ಕ್ಲೆರ್ಮೋಂ-ಫೆರಾಂ, ಫ್ರಾನ್ಸ್". ಮೊದಲ ಎರಡು ಅಂಕಿ, 63, ಪ್ಯುಯಿ-ದ-ಡೋಮ್ ಡಿಪಾರ್ಟ್‌ಮೆಂಟಿನ ನಂಬರು. ನಮ್ಮಲ್ಲಿ ರಾಜ್ಯದ ಹೆಸರು ಬರೆದು ಬರೆದು ಅಭ್ಯಾಸ ಆಗಿರೋದ್ರಿಂದ ಅಲ್ಲೂ ಓವರ್ನ್ ಸೇರಿಸ್ತೀವಿ, ಬೇಕಾಗಿಲ್ಲ.

ಸ್ಟೆಪ್ 4: ಹೈಫನ್ ಇದ್ರೆ ಜಿಲ್ಲೆ, ಇಲ್ದಿದ್ರೆ ಬೆಟ್ಟ

ಈ ಸ್ಟೆಪ್ ನನಗೆ ಎಲ್ಲಕ್ಕಿಂತ ಇಷ್ಟ, ಯಾಕಂದ್ರೆ ಒಂದು ಸಣ್ಣ ಗೀಟು ಬೆಟ್ಟವನ್ನ ಜಿಲ್ಲೆ ಮಾಡ್ಬಿಡುತ್ತೆ.

ಕ್ಲೆರ್ಮೋಂ-ಫೆರಾಂ ಪಕ್ಕದಲ್ಲಿ 1,465 ಮೀಟರ್ ಎತ್ತರದ ಒಂದು ಜ್ವಾಲಾಮುಖಿ ಬೆಟ್ಟ ಇದೆ, ಪ್ಯುಯಿ ದ ಡೋಮ್. ಮೂರು ಪದ, ನಡುವೆ ಖಾಲಿ ಜಾಗ. ಈ ಬೆಟ್ಟ ಇರೋ ಡಿಪಾರ್ಟ್‌ಮೆಂಟ್ ಹೆಸರೂ ಅದೇ, ಆದ್ರೆ ಪದಗಳ ನಡುವೆ ಎರಡು ಹೈಫನ್: ಪ್ಯುಯಿ-ದ-ಡೋಮ್. ಫ್ರೆಂಚ್ ನಿಯಮ ಇದು, ಪ್ರಕೃತಿಯಲ್ಲಿ ಇರೋ ಬೆಟ್ಟ ನದಿಗಳ ಹೆಸರಿಗೆ ಹೈಫನ್ ಇಲ್ಲ, ಸರ್ಕಾರ ಮಾಡಿದ ಘಟಕದ ಹೆಸರಲ್ಲಿ ಪದಗಳನ್ನ ಹೈಫನ್‌ನಿಂದ ಕಟ್ತಾರೆ. ಇಂಗ್ಲಿಷ್‌ನಲ್ಲಿ ಬರೆಯುವಾಗ್ಲೂ ಇದನ್ನ ಹಾಗೇ ಇಟ್ಕೋಬೇಕು, ಯಾಕಂದ್ರೆ ಅರ್ಥ ಅದರಲ್ಲೇ ಇದೆ.

1648ರ ಸೆಪ್ಟೆಂಬರ್ 19ರಂದು ಪಾಸ್ಕಲ್‌ನ ಭಾವ ಫ್ಲೋರಾಂ ಪೆರಿಯೇ ಪಾದರಸದ ಕೊಳವೆ ಹೊತ್ಕೊಂಡು ಹತ್ತಿ, ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಮ್ಮಿ ಆಗುತ್ತೆ ಅಂತ ತೋರಿಸಿದ್ದು ಬೆಟ್ಟದ ಮೇಲೆ, ಹೈಫನ್ ಇಲ್ಲ. 1964ರ ಟೂರ್ ದ ಫ್ರಾನ್ಸ್‌ನಲ್ಲಿ ಆಂಕೆತೀಲ್, ಪೂಲಿಡೋರ್ ಅನ್ನೋ ಸೈಕಲ್ ರೇಸುಗಾರರು ಇಬ್ರೂ ಭುಜಕ್ಕೆ ಭುಜ ತಾಗಿಸ್ಕೊಂಡು ಹತ್ತಿದ್ದೂ ಬೆಟ್ಟವನ್ನ, ಹೈಫನ್ ಇಲ್ಲ. 1988ರ ನಂತರ ಆ ರೇಸು ಮತ್ತೆ ಆ ಬೆಟ್ಟಕ್ಕೆ ಬಂದಿದ್ದು 2023ರಲ್ಲಿ, ಅವತ್ತು ಇಂಗ್ಲಿಷ್ ರಿಪೋರ್ಟ್ ಬರೆಯೋರಿಗೆಲ್ಲ ಈ ಹೈಫನ್ ಕೆಲಸ ಕೊಟ್ಟಿರುತ್ತೆ. ಆದ್ರೆ "ಆ ರೈತನ ಜಮೀನು ಪ್ಯುಯಿ-ದ-ಡೋಮ್‌ನಲ್ಲಿದೆ" ಅಂದ್ರೆ ಡಿಪಾರ್ಟ್‌ಮೆಂಟ್, ಹೈಫನ್ ಹಾಕ್ಲೇಬೇಕು, ಇಲ್ಲಾಂದ್ರೆ ಪಾಪ ಅವನು ಜ್ವಾಲಾಮುಖಿಯ ತುದಿಯಲ್ಲಿ ಉಳುಮೆ ಮಾಡ್ತಿರೋ ಹಾಗೆ ಆಗುತ್ತೆ.

ಇಂಗ್ಲಿಷ್‌ನಲ್ಲಿ ಬೆಟ್ಟಕ್ಕೆ "ದಿ ಪ್ಯುಯಿ ದ ಡೋಮ್" ಅಂತ "ದಿ" ಸೇರಿಸೋದು ವಾಡಿಕೆ, ಸೇರಿಸದೇ ಬರೆಯೋರೂ ಇದ್ದಾರೆ. ಹಿಂದೆ "ಮೌಂಟನ್" ಅಂತ ಹಾಕೋದು ಮಾತ್ರ ಬೇಡ, ಆ ಕಡೆ ಪ್ಯುಯಿ ಅಂದ್ರೇ ಬೆಟ್ಟ. ಡಿಪಾರ್ಟ್‌ಮೆಂಟ್ ಅಂತ ಸ್ಪಷ್ಟ ಆಗ್ಬೇಕಂದ್ರೆ "ಇನ್ ದಿ ಪ್ಯುಯಿ-ದ-ಡೋಮ್ ಡಿಪಾರ್ಟ್‌ಮೆಂಟ್" ಅಂತ ಪೂರ್ತಿ ಬರೀರಿ.

ಇದೇ ತರ ಮೋಂ-ದೋರ್ ಅಂತ ಬಿಸಿನೀರ ಬುಗ್ಗೆಗಳ ಊರು, ಹೈಫನ್ ಇದೆ. ಅದರ ಸುತ್ತಲಿನ ಬೆಟ್ಟಗಳ ಗುಂಪು ಮೋಂ ದೋರ್, ಹೈಫನ್ ಇಲ್ಲ, ಮೊದಲ ಪದದ ಕೊನೆಗೆ ಬಹುವಚನದ "ಎಸ್" ಇದೆ, ಉಚ್ಚಾರದಲ್ಲಿ ಕೇಳಲ್ಲ. ಮಾಸಿಫ್ ಸೆಂಟ್ರಲ್‌ನ ಅತಿ ಎತ್ತರದ ಶಿಖರ, 1,885 ಮೀಟರಿನ ಪ್ಯುಯಿ ದ ಸಾಂಸಿ, ಇರೋದು ಈ ಬೆಟ್ಟಗಳಲ್ಲೇ. ಕಾಂತಾಲ್ ಇನ್ನೂ ತರಲೆ, ಅದರಲ್ಲಿ ಹೈಫನ್ ಸಹಾಯವೂ ಇಲ್ಲ, ಬೆಟ್ಟಕ್ಕೂ ಅದೇ, ಡಿಪಾರ್ಟ್‌ಮೆಂಟಿಗೂ ಅದೇ, ಚೀಸಿಗೂ ಅದೇ. ಅಲ್ಲಿ "ದಿ ಕಾಂತಾಲ್ ಮೌಂಟನ್ಸ್", "ದಿ ಕಾಂತಾಲ್ ಡಿಪಾರ್ಟ್‌ಮೆಂಟ್", "ಕಾಂತಾಲ್ ಚೀಸ್" ಅಂತ ಜೊತೆಗೊಂದು ಪದ ಹಾಕೋದೇ ವಾಸಿ.

ಇನ್ನು ಓವರ್ನ್-ರೋನ್-ಆಲ್ಪ್‌ಗೆ ಎರಡು ಹೈಫನ್, ಕ್ಲೆರ್ಮೋಂ-ಫೆರಾಂಗೆ ಒಂದು. ಅದು ಮೊದಲು ಕ್ಲೆರ್ಮೋಂ, ಮೋಂಫೆರಾಂ ಅಂತ ಎರಡು ಬೇರೆ ಊರು, ಸೇರಿಸಿದ ಮೇಲೆ ಈ ಹೆಸರಾಯ್ತು. ಹಾಗಾಗಿ 1095ರಲ್ಲಿ ಪೋಪ್ ಎರಡನೇ ಅರ್ಬನ್ ಮೊದಲ ಕ್ರುಸೇಡ್‌ಗೆ (ಕ್ರೈಸ್ತರ ಧರ್ಮಯುದ್ಧಕ್ಕೆ) ಕರೆ ಕೊಟ್ಟ ಸಭೆ ಬಗ್ಗೆ ಬರೆಯುವಾಗ "ಕೌನ್ಸಿಲ್ ಆಫ್ ಕ್ಲೆರ್ಮಾಂಟ್" ಅಂತ್ಲೇ ಬರೀಬೇಕು, ಫೆರಾಂ ಬೇಡ.

ಸ್ಟೆಪ್ 5: ಟೋಪಿ ಹಾಕೋದು ಎಲ್ಲಿ, ಬಿಡೋದು ಎಲ್ಲಿ

ಓವರ್ನ್ ಅನ್ನೋ ಪದದ ಮೇಲೆ ಯಾವ ಅಕ್ಸೆಂಟೂ, ಅಂದ್ರೆ ಅಕ್ಷರದ ಮೇಲಿನ ಗುರುತೂ, ಇಲ್ಲ. ಫ್ರೆಂಚ್ ಪದ ಅಂದ ತಕ್ಷಣ "ಇ" ಮೇಲೆ ಒಂದು ಗೀಟು ಎಳೆಯೋ ಚಟ ಬಿಡಿ. ರೋನ್, ಡೋಮ್ ಎರಡರಲ್ಲೂ "ಓ" ಮೇಲೆ ಟೋಪಿ, ಅಂದ್ರೆ ^ ಗುರುತು, ಇದೆ. ಶೆನ್ ದೆ ಪ್ಯುಯಿ, ಅಂದ್ರೆ ಪ್ಯುಯಿ ದ ಡೋಮ್ ಸೇರಿ ಸುಮಾರು 80 ಜ್ವಾಲಾಮುಖಿಗಳ ಸಾಲು, 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು, ಅದರ ಮೊದಲ ಪದದಲ್ಲಿ "ಐ" ಮೇಲೆ ಟೋಪಿ. ಫೋನಿನಲ್ಲಿ ಆ ಅಕ್ಷರ ಒತ್ತಿ ಹಿಡಿದ್ರೆ ಬರುತ್ತೆ. ವಿಂಡೋಸ್‌ನಲ್ಲಿ ಆಲ್ಟ್ ಹಿಡ್ಕೊಂಡು ನಂಬರ್ ಪ್ಯಾಡಲ್ಲಿ 0244 ಹೊಡೆದ್ರೆ ಟೋಪಿ ಇರೋ ಓ, 0238 ಹೊಡೆದ್ರೆ ಟೋಪಿ ಇರೋ ಐ. ಇಮೇಲಲ್ಲಿ ಬಿಟ್ರೆ ಯಾರೂ ಸಾಯಲ್ಲ, ಪ್ರಿಂಟಿಗೆ ಹೋಗೋದ್ರಲ್ಲಿ ಹಾಕಿ.

ಸ್ಟೆಪ್ 6: ಊರಿನ ಹೆಸರಲ್ಲೇ ಇರೋ "ಲ"

ಲ ಪ್ಯುಯಿ-ಆಂ-ವಲೇಯಲ್ಲಿ ಮೊದಲಿಗೆ ಬರೋ "ಲ" ಫ್ರೆಂಚ್ ಆರ್ಟಿಕಲ್ಲೇ, ಆದ್ರೆ ಅದು ಊರಿನ ಹೆಸರಿನ ಭಾಗ. ಅದನ್ನ ಇಂಗ್ಲಿಷ್‌ಗೆ ತಿರುಗಿಸಿ "ದಿ ಪ್ಯುಯಿ" ಅಂತ ಮಾಡಂಗಿಲ್ಲ, ಅದರ ಮುಂದೆ ಇನ್ನೊಂದು "ದಿ" ಅಂಟಿಸಂಗೂ ಇಲ್ಲ. ವಾಕ್ಯದ ನಡುವೆ ಬಂದ್ರೂ ದೊಡ್ಡ "ಎಲ್". "ವಿ ಸ್ಟೇಯ್ಡ್ ಇನ್ ಲ ಪ್ಯುಯಿ." ಆದ್ರೆ ಆ ಊರಿನ ಸುತ್ತ ಬೆಳೆಯೋ ಹಸಿರು ಮಸೂರ ಇದೆಯಲ್ಲ, ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಅದು "ಪ್ಯುಯಿ ಲೆಂಟಿಲ್ಸ್", ಅಲ್ಲಿ "ಲ" ಉದುರಿ ಹೋಗಿದೆ, ಅದು ಹಾಗೇ ರೂಢಿಗೆ ಬಂದಿದೆ, ತಿದ್ದೋಕೆ ಹೋಗ್ಬೇಡಿ.

ಸ್ಟೆಪ್ 7: ಜನ, ವಿಶೇಷಣ, "ಆನ್"

ಅಲ್ಲಿನವರಿಗೆ "ಓವರ್ನ್ಯಾ" ಅಂತಾರೆ, ಹೆಸರಿನ ಕೊನೇ "ಇ" ತೆಗೆದು "ಎ, ಟಿ" ಸೇರಿಸಿದ್ರೆ ಆಯ್ತು, "ಟಿ" ಉಚ್ಚಾರ ಮಾಡಲ್ಲ. ಫ್ರೆಂಚ್‌ನಲ್ಲಿ ಹೆಂಗಸಿಗೆ ಕೊನೆಗೆ ಇನ್ನೊಂದು "ಇ" ಬರುತ್ತೆ, ಆವಾಗ "ಟಿ" ಕೇಳ್ಸುತ್ತೆ; ಇಂಗ್ಲಿಷ್‌ನಲ್ಲಿ ಆ ಭೇದ ಬೇಡ, ಎಲ್ರಿಗೂ ಒಂದೇ ರೂಪ ಸಾಕು. ಫ್ರೆಂಚ್‌ನಲ್ಲಿ ವಿಶೇಷಣ ಆದ್ರೆ ಚಿಕ್ಕ ಅಕ್ಷರದಲ್ಲಿ ಶುರು ಮಾಡ್ತಾರೆ, ಇಂಗ್ಲಿಷ್‌ನಲ್ಲಿ ಯಾವಾಗ್ಲೂ ದೊಡ್ಡ "ಎ". "ಓವರ್ನಿಯನ್" ಅಂತ ನೀವೇ ಒಂದು ಪದ ಹುಟ್ಟಿಸ್ಬೇಡಿ. ಓವರ್ನ್ಯಾ ಅಂದ್ರೆ ಓದುಗರಿಗೆ ತಿಳಿಯುತ್ತೋ ಇಲ್ವೋ ಅನ್ನೋ ಅನುಮಾನ ಇದ್ರೆ ಸ್ಥಳದ ಹೆಸರನ್ನೇ ವಿಶೇಷಣ ಮಾಡ್ಕೊಳ್ಳಿ, "ಓವರ್ನ್ ಚೀಸಸ್", "ಆನ್ ಓವರ್ನ್ ವಿಲೇಜ್".

ಆ "ಆನ್" ಗಮನಿಸಿ. ಹೆಸರು "ಓ" ಸ್ವರದಿಂದ ಶುರುವಾಗೋದ್ರಿಂದ "ಎ ಓವರ್ನ್ ವಿಲೇಜ್" ಅಂತ ಬರೋಹಾಗಿಲ್ಲ. ಇಲ್ಲೊಂದು ಮಜಾ ಇದೆ, "ದಿ ಓವರ್ನ್ ವಿಲೇಜಸ್" ಅಂದಾಗ "ದಿ" ಬಂದಿದ್ದು ವಿಲೇಜಸ್‌ಗಾಗಿ, ಓವರ್ನ್‌ಗಾಗಿ ಅಲ್ಲ, ಅದಕ್ಕೇ ಈ ತರದ ವಾಕ್ಯ ನೋಡಿ "ಹೋ ಇವರು ದಿ ಹಾಕ್ತಾರೆ, ನಾನೂ ಹಾಕ್ತೀನಿ" ಅಂತ ತೀರ್ಮಾನಕ್ಕೆ ಬರ್ಬೇಡಿ.

ಸ್ಟೆಪ್ 8: ಮೇಲಿನ ಓವರ್ನ್ ಮ್ಯಾಪಲ್ಲಿ ಕೆಳಗಿದೆ

ಹಳೇ ಪುಸ್ತಕಗಳಲ್ಲಿ ಓತ್-ಓವರ್ನ್, ಬಾಸ್-ಓವರ್ನ್ ಅಂತ ಬರುತ್ತೆ, ಇಂಗ್ಲಿಷ್‌ನಲ್ಲಿ "ಅಪ್ಪರ್ ಓವರ್ನ್", "ಲೋವರ್ ಓವರ್ನ್", "ದಿ" ಇಲ್ದೆ ಬರೆದ್ರೂ ನಡೆಯುತ್ತೆ. ಇಲ್ಲಿ ಅಪ್ಪರ್ ಅಂದ್ರೆ ಎತ್ತರದ ನೆಲ, ಉತ್ತರ ಅಲ್ಲ. ಎತ್ತರದ ಕಾಂತಾಲ್ ಕಡೆ ಇರೋದು ದಕ್ಷಿಣಕ್ಕೆ, ಕ್ಲೆರ್ಮೋಂ ಸುತ್ತಿನ ತಗ್ಗಿನ ಲಿಮಾನ್ಯ್ ಬಯಲು ಅದರ ಉತ್ತರಕ್ಕೆ. ಹಾಗಾಗಿ ಅನುವಾದ ಮಾಡೋರು ಅಪ್ಪರ್ ಓವರ್ನ್ ನೋಡಿ ಕನ್ನಡದಲ್ಲಿ ಉತ್ತರ ಓವರ್ನ್ ಅಂತ ಮಾಡಿದ್ರೆ ಮ್ಯಾಪು ತಲೆಕೆಳಗಾಗುತ್ತೆ. ದಿಕ್ಕೇ ಹೇಳ್ಬೇಕಿದ್ರೆ "ದಿ ನಾರ್ದರ್ನ್ ಓವರ್ನ್" ಅಂತ ನೇರವಾಗಿ ಬರೀಬಹುದು.

ಸ್ಟೆಪ್ 9: ಬಾಯಿಬಿಟ್ಟು ಹೇಳೋದು

ಪ್ರೆಸೆಂಟೇಶನ್ ಕೊಡೋರಿಗೆ ಇದು. "ಆವರ್ಗ್ನೆ" ಅಲ್ಲ, "ಔವರ್ಜಿನ್" ಅಂತೂ ಅಲ್ವೇ ಅಲ್ಲ. ಮೊದಲ ಎರಡು ಅಕ್ಷರ ಸೇರಿ "ಓ". ಕೊನೆಯ "ಇ" ಮೌನ. ನಡುವಿನ "ಜಿ, ಎನ್" ಜೋಡಿ ಫ್ರೆಂಚ್‌ನಲ್ಲಿ ನಮ್ಮ ಞ ಇದೆಯಲ್ಲ, ವರ್ಣಮಾಲೆ ಹೇಳುವಾಗ ಬಿಟ್ರೆ ಯಾರೂ ನೆನೆಸ್ಕೊಳ್ಳದ ಆ ಅಕ್ಷರ, ಅದೇ ಧ್ವನಿ. ಹಾಗಾಗಿ ಫ್ರೆಂಚರ ಎದುರು "ಓವೆರ್ಞ್" ಅಂದ್ರೆ ಖುಷಿ ಪಡ್ತಾರೆ, ಇಂಗ್ಲಿಷಿನವರು ಸುಮ್ನೆ "ಓವರ್ನ್" ಅಂತಾರೆ, ಒತ್ತು ಎರಡನೇ ಭಾಗದ ಮೇಲೆ. ಮುಂದೆ "ದಿ" ಬಂದಾಗ ಸ್ವರದ ಮುಂದೆ ಬರೋದ್ರಿಂದ ಅದು "ದಿ"ನೇ, "ದ" ಅಲ್ಲ.

ಸ್ಟೆಪ್ 10: ಬರೆದಾದ ಮೇಲೆ ಒಂದು ಫೈಂಡ್ ಹೊಡೀರಿ

ಎಲ್ಲಾ ಬರೆದು ಮುಗಿಸಿದ ಮೇಲೆ ಡಾಕ್ಯುಮೆಂಟಲ್ಲಿ ಓವರ್ನ್ ಅಂತ ಹುಡುಕಿ ಒಂದೊಂದಾಗಿ ನೋಡ್ಕೊಂಡು ಹೋಗಿ. ರೀಪ್ಲೇಸ್ ಆಲ್ ಮಾತ್ರ ಒತ್ಬೇಡಿ, ಒತ್ತಿದ್ರೆ "ಬ್ಲ ದೋವರ್ನ್" ನಡುವೆ "ದಿ" ನುಗ್ಗುತ್ತೆ, ವಿಶ್ವವಿದ್ಯಾಲಯದ ಹೆಸರೂ ಕೆಡುತ್ತೆ. ಪ್ರತಿ ಕಡೆ ಕೇಳ್ಕೊಳ್ಳಿ, ಇದು ನೆಲವಾ, ಆಡಳಿತವಾ, ಇನ್ನೊಂದು ಹೆಸರಿನ ಭಾಗವಾ, ವಿಶೇಷಣವಾ. ಒಂದೇ ಪ್ಯಾರಾದಲ್ಲಿ ನೆಲದ ಅರ್ಥಕ್ಕೇ ಒಂದ್ಸಲ "ದಿ" ಇದ್ದು ಇನ್ನೊಂದ್ಸಲ ಇಲ್ದಿದ್ರೆ ಎರಡನ್ನೂ ಒಂದೇ ಮಾಡಿ. ಪತ್ರಿಕೆಗೋ ಕಂಪನಿಗೋ ಬರೀತಿದ್ರೆ ಅವರದ್ದೇ ಸ್ಟೈಲ್ ಶೀಟ್ ಇರುತ್ತೆ, ಅದರಲ್ಲಿ ಏನಿದ್ಯೋ ಅದೇ, ನಾನು ಹೇಳಿದ್ದಲ್ಲ.

ಬೇರೆ ಬೆಟ್ಟದ ಸೀಮೆಗಳಿಗೂ ಇದೇ ಕ್ರಮ ನಡೆಯುತ್ತೆ, ಒಂದೊಂದಕ್ಕೂ ಒಂದೊಂದು ಕೊಕ್ಕೆ ಇದ್ದೇ ಇದೆ. ವೋಜ್ ಬೆಟ್ಟಸಾಲು ಬಹುವಚನ, "ದಿ ವೋಜ್ ಆರ್", ಅದೇ ಹೆಸರಿನ ಡಿಪಾರ್ಟ್‌ಮೆಂಟ್ ಏಕವಚನ, "ವೋಜ್ ಈಸ್". ಪಿರೆನೀಸ್‌ಗೆ ಇಂಗ್ಲಿಷ್ ಸ್ಪೆಲಿಂಗ್ ಬೇರೆನೇ ಇದೆ, ಅಕ್ಸೆಂಟ್ ಇಲ್ಲ, ಆದ್ರೆ ಓತ್-ಪಿರೆನೇ ಡಿಪಾರ್ಟ್‌ಮೆಂಟಿಗೆ ಅಕ್ಸೆಂಟೂ ಬೇಕು ಹೈಫನ್ನೂ ಬೇಕು. ಸವಾಯ್ ಅಂದ್ರೆ ಇತಿಹಾಸದ ಡಚಿ, ಅಂದ್ರೆ ಡ್ಯೂಕ್ ಆಳ್ತಿದ್ದ ಸೀಮೆ, 1860ರಲ್ಲಿ ಫ್ರಾನ್ಸಿಗೆ ಸೇರಿದ್ದು. ಇವತ್ತಿನ ಎರಡು ಡಿಪಾರ್ಟ್‌ಮೆಂಟ್‌ಗಳನ್ನ ಸವ್ವಾ, ಓತ್-ಸವ್ವಾ ಅಂತ ಫ್ರೆಂಚ್ ರೂಪದಲ್ಲೇ ಬರೀಬೇಕು, ಎಲ್ಲೂ "ದಿ" ಇಲ್ಲ. ಜೂರಾ ಬೆಟ್ಟಗಳು "ದಿ ಜೂರಾ", ಫ್ರಾನ್ಸಿನ ಒಂದು ಡಿಪಾರ್ಟ್‌ಮೆಂಟೂ ಜೂರಾ, 1979ರಲ್ಲಿ ಆದ ಸ್ವಿಸ್ ಕ್ಯಾಂಟನ್ನೂ (ಅಲ್ಲಿನ ರಾಜ್ಯ) ಜೂರಾ, ಇವು ಸಾಲದು ಅಂತ ಸ್ಕಾಟ್ಲೆಂಡಲ್ಲಿ ಒಂದು ದ್ವೀಪನೂ ಜೂರಾ, ವಿಸ್ಕಿ ಮಾಡೋದು, ಅದಕ್ಕೆ "ದಿ" ಹಾಕಲ್ಲ. ವೈನ್ ಬಗ್ಗೆ ಬರೀತಿದ್ರೆ "ದಿ ಜೂರಾ", ವಿಸ್ಕಿ ಬಗ್ಗೆ ಬರೀತಿದ್ರೆ ಬರೀ "ಜೂರಾ".